ಶೆಟ್ಟರ ಬಸಪ್ಪ: ಒಂದು ಹೆಸರಿನ ಅರ್ಥ, ಒಂದು ಅಡ್ಡಹೆಸರಿನ ಮೂಲ

ಮಗುವನ್ನು ಶಾಲೆಗೆ ಸೇರಿಸುವ ದಿನ ದಾಖಲಾತಿ ಪುಸ್ತಕದಲ್ಲಿ ಮೊಟ್ಟಮೊದಲು ಏರುವ ಬರಹ ಆ ಮಗುವಿನ ಹೆಸರು. ತೊಟ್ಟಿಲ ದಿನ ಸೋದರತ್ತೆ ಕಿವಿಯಲ್ಲಿ ಕರೆದ ಹೆಸರು ಬಂಧುಬಳಗದ ನಾಲಗೆಯ ಮೇಲೆ ಬದುಕುತ್ತದೆ. ಗುರುಗಳು ಬರೆದ ಹೆಸರಾದರೋ ಅಲ್ಲಿಂದ ಹೊರಟು ಅಂಕಪಟ್ಟಿಗೆ, ನೌಕರಿಯ ಆದೇಶಕ್ಕೆ, ಹೊಲದ ಪಹಣಿಗೆ, ಕಡೆಯಲ್ಲಿ ನಿವೃತ್ತಿ ವೇತನದ ಕಡತಕ್ಕೆ ಹೋಗಿ ಸೇರುತ್ತದೆ. ಇಷ್ಟು ದೂರ ನಮ್ಮೊಡನೆ ಬರುವ ಈ ಎರಡು ಮೂರು ಪದಗಳು ಎಲ್ಲಿಂದ ಬಂದವು, ಅವುಗಳ ಅರ್ಥವೇನು ಎಂದು ವಿಚಾರಿಸುವವರು ವಿರಳ.

ಪ್ರಸ್ತುತ ಲೇಖನದಲ್ಲಿ ‘ಬಸಪ್ಪ ಶೆಟ್ಟರ’ ಎಂಬ ಒಂದೇ ಹೆಸರನ್ನು ಮಾದರಿಯಾಗಿ ಎತ್ತಿಕೊಂಡಿದೆ. ಇದು ಯಾವೊಬ್ಬ ವ್ಯಕ್ತಿಯನ್ನೂ ಕುರಿತದ್ದಲ್ಲ. ಧಾರವಾಡ, ಗದಗ, ಹಾವೇರಿ, ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸೀಮೆಯಲ್ಲಿ ಇಂಥ ಹೆಸರಿಲ್ಲದ ಹಳೆಯ ಹಾಜರಿ ಪುಸ್ತಕ ಸಿಗುವುದು ಕಷ್ಟ. ಅತಿಪರಿಚಯದಿಂದಲೇ ನಾವು ಅರ್ಥವನ್ನು ಮರೆತಿರುವ ಹೆಸರಿದು.

ಬಸವ ಎಂಬ ಪದ

‘ಬಸಪ್ಪ’ ಎಂಬುದು ‘ಬಸವಪ್ಪ’ ಎಂಬುದರ ಅಡಕವಾದ ರೂಪ. ಇದರ ಮೂಲಪದ ‘ಬಸವ’. ಇದು ಸಂಸ್ಕೃತದ ‘ವೃಷಭ’ ಶಬ್ದದ ತದ್ಭವವೆಂಬುದನ್ನು ವಿದ್ವಾಂಸರು ಒಪ್ಪಿದ್ದಾರೆ. 1894ರಲ್ಲಿ ಮಂಗಳೂರಿನಿಂದ ಪ್ರಕಟವಾದ ಕಿಟ್ಟೆಲರ ನಿಘಂಟು ಸಹ ಇದನ್ನೇ ಹೇಳುತ್ತದೆ. ಈ ಪದ ಕನ್ನಡಕ್ಕೆ ಪ್ರಾಕೃತದ ದಾರಿಯಿಂದ ಬಂತು. ‘ವೃಷಭ’ವು ಪ್ರಾಕೃತದಲ್ಲಿ ‘ವಸಹ’ ಎಂದಾಯಿತು. ಕನ್ನಡ ನಾಲಗೆ ಅದನ್ನು ‘ಬಸವ’ ಎಂದು ತನ್ನದಾಗಿಸಿಕೊಂಡಿತು.

ಇಲ್ಲಿ ನಡೆದ ಮಾರ್ಪಾಡುಗಳು ನಿಯಮಬದ್ಧವಾದವು. ‘ವನ’ವು ‘ಬನ’ವಾದಂತೆ, ‘ವಸತಿ’ಯು ‘ಬಸದಿ’ಯಾದಂತೆ ಮೊದಲಿನ ವಕಾರ ಬಕಾರವಾಯಿತು. ‘ಭಾಷೆ’ಯು ‘ಬಾಸೆ’ಯಾದಂತೆ ಷಕಾರ ಸಕಾರವಾಯಿತು. ‘ಕೃಷ್ಣ’ ಎಂಬ ರಾಜನಾಮ ಶಾಸನಗಳಲ್ಲಿ ‘ಕನ್ನರ’ ಎಂದಾದಂತೆ ಋಕಾರ ಅಕಾರವಾಯಿತು. ಕೊನೆಯ ಭಕಾರ ಪ್ರಾಕೃತದಲ್ಲಿ ಹಕಾರವಾಗಿ, ಕನ್ನಡಕ್ಕೆ ಬಂದಾಗ ವಕಾರವಾಯಿತು. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಇಂಥ ಶಬ್ದಗಳಿಗಾಗಿಯೇ ಅಪಭ್ರಂಶ ಪ್ರಕರಣವೆಂಬ ಒಂದು ಪ್ರತ್ಯೇಕ ಭಾಗವನ್ನು ಮೀಸಲಿಟ್ಟಿದ್ದಾನೆ. ಆದಕಾರಣ ‘ಬಸವ’ ಎಂಬುದನ್ನು ‘ವೃಷಭ’ದ ಕೆಟ್ಟ ಉಚ್ಚಾರಣೆಯೆಂದೋ, ಓದುಬರಹವಿಲ್ಲದವರ ಮಾತೆಂದೋ ಭಾವಿಸುವುದು ತಪ್ಪು. ಅದು ನಿಯಮವರಿತು ಕನ್ನಡವಾದ ಪದ.

ಅರ್ಥದ ದೃಷ್ಟಿಯಿಂದ ಬಸವ ಎಂದರೆ ಎತ್ತು. ಹಾಗೆಯೇ ಶಿವನ ವಾಹನನಾದ ನಂದಿ. ನಮ್ಮ ಒಕ್ಕಲುತನದ ನಾಡಿನಲ್ಲಿ ಈ ಎರಡು ಅರ್ಥಗಳು ಬೇರೆ ಬೇರೆ ಉಳಿದಿಲ್ಲ. ಕಾರಹುಣ್ಣಿಮೆಯಲ್ಲಿ ಕೋಡಿಗೆ ಬಣ್ಣ ಬಳಿಸಿಕೊಂಡು ಮೆರೆಯುವ ಎತ್ತೂ ಬಸವಣ್ಣನೇ. ಅದರ ಹಿಂದೆಯೇ ಬರುವ ಮಣ್ಣೆತ್ತಿನ ಅಮಾವಾಸ್ಯೆಯಂದು ಹೊಲದ ಮಣ್ಣಿನಿಂದ ಮಾಡಿ ಜಗಲಿಯ ಮೇಲಿಟ್ಟು ಪೂಜಿಸುವ ಜೋಡಿಯೂ ಬಸವಣ್ಣನೇ. ಊರ ಗುಡಿಯಲ್ಲಿ ಲಿಂಗದೆದುರು ಕುಳಿತ ಶಿಲಾಮೂರ್ತಿಯೂ ಬಸವಣ್ಣನೇ. ಬೆಂಗಳೂರಿನ ಬಸವನಗುಡಿಗೆ ಆ ಹೆಸರು ಬಂದದ್ದು ಅಲ್ಲಿಯ ದೊಡ್ಡ ನಂದಿಯ ದೇವಾಲಯದಿಂದ. ಮಳೆಗಾಲದಲ್ಲಿ ಕೊಂಬು ಚಾಚಿ ಹರಿದಾಡುವ ಪುಟ್ಟ ಜೀವಿಗೆ ಸಹ ಕನ್ನಡಿಗರು ‘ಬಸವನ ಹುಳು’ ಎಂದೇ ಹೆಸರಿಟ್ಟರು. ದುಡಿಯುವ ಪ್ರಾಣಿಯನ್ನೂ ಪೂಜೆಗೊಳ್ಳುವ ದೈವವನ್ನೂ ಒಂದೇ ಪದದಿಂದ ಕರೆದುದು ಈ ನೆಲದ ಸಂಸ್ಕಾರ.

ಹನ್ನೆರಡನೆಯ ಶತಮಾನದಲ್ಲಿ ಬಾಗೇವಾಡಿಯಲ್ಲಿ ಹುಟ್ಟಿ, ಕೂಡಲಸಂಗಮದಲ್ಲಿ ಬೆಳೆದು, ಕಲ್ಯಾಣದಲ್ಲಿ ಬಿಜ್ಜಳನ ಭಂಡಾರವನ್ನು ನಿರ್ವಹಿಸಿದ ಮಹಾಪುರುಷನಿಗೆ ಈ ಹೆಸರು ದೊರೆತ ಮೇಲೆ ಇದರ ತೂಕವೇ ಬೇರೆಯಾಯಿತು. ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ 1260ರ ಶಾಸನ ಬಸವಣ್ಣನವರನ್ನು ಸ್ಮರಿಸುತ್ತದೆ. ಅದು ಸೇವುಣರ ಕನ್ನರನ ಕಾಲದ ಶಾಸನ. ಹರಿಹರನ ‘ಬಸವರಾಜದೇವರ ರಗಳೆ’, ಪಾಲ್ಕುರಿಕೆ ಸೋಮನಾಥನ ತೆಲುಗು ‘ಬಸವಪುರಾಣಮು’, ಅದನ್ನು ಅನುಸರಿಸಿ 1369ರಲ್ಲಿ ಭೀಮಕವಿ ರಚಿಸಿದ ಕನ್ನಡ ‘ಬಸವಪುರಾಣ’ ಇವು ಈ ಹೆಸರನ್ನು ಮನೆಮನೆಗೆ ತಲುಪಿಸಿದವು. ಅಂದಿನಿಂದ ಮಗುವಿಗೆ ಬಸವನೆಂದು ಹೆಸರಿಡುವುದೆಂದರೆ ಒಂದು ಬಾಳಿನ ಆದರ್ಶವನ್ನು ಅದರ ಮೇಲಿಟ್ಟಂತೆ.

ಅಪ್ಪ, ಅಣ್ಣ, ಅವ್ವ

ಹೆಸರಿನ ಉತ್ತರಾರ್ಧವಾದ ‘ಅಪ್ಪ’ ಅಚ್ಚಗನ್ನಡ ಪದ. ತಂದೆ ಎಂದು ಅದರ ಅರ್ಥ. ಹೀಗೆ ‘ಬಸಪ್ಪ’ ಎಂಬ ಮೂರಕ್ಷರದ ಪುಟ್ಟ ಹೆಸರಿನಲ್ಲಿ ಸಂಸ್ಕೃತಮೂಲವೂ ದ್ರಾವಿಡಮೂಲವೂ ಬೆಸುಗೆಗೊಂಡಿವೆ. ಇದೇ ಬುನಾದಿಯ ಮೇಲೆ ಬಸವಣ್ಣ, ಬಸವಯ್ಯ, ಬಸವರಾಜ, ಬಸವಲಿಂಗ, ಗುರುಬಸಪ್ಪ, ಚೆನ್ನಬಸಪ್ಪ, ಬಸವಂತ ಮುಂತಾದ ಹೆಸರುಗಳು ಬೆಳೆದವು. ಹೆಣ್ಣುಮಕ್ಕಳಿಗೆ ಬಸವ್ವ, ಬಸಮ್ಮ, ಬಸಲಿಂಗವ್ವ ಎಂಬ ಹೆಸರುಗಳಾದವು.

ನಮ್ಮ ‘ಅಪ್ಪ’ ಯಾವ ಪದವನ್ನೂ ಹೊರಗಿಡುವುದಿಲ್ಲ. ವಚನಗಳ ತಾಳೆಯೋಲೆಗಳನ್ನು ಊರೂರು ಅಲೆದು ಕೂಡಿಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದ ಹಳಕಟ್ಟಿಯವರ ಪೂರ್ಣ ಹೆಸರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. ‘ಫಕೀರ’ ಅರಬ್ಬೀ ಭಾಷೆಯ ಪದ. ಬಡವ, ವಿರಾಗಿ ಎಂದು ಅದರ ಅರ್ಥ. ಶಿರಹಟ್ಟಿಯ ಫಕೀರೇಶ್ವರರ ಮೇಲಿನ ಭಕ್ತಿಯಿಂದ ಆ ಸೀಮೆಯ ಮನೆಗಳಲ್ಲಿ ಫಕೀರಪ್ಪ, ಫಕೀರವ್ವ ಎಂಬ ಹೆಸರುಗಳು ಇಂದಿಗೂ ಇವೆ. ವಚನಪಿತಾಮಹರೆನಿಸಿದವರ ಹೆಸರಿನಲ್ಲಿ ಅರಬ್ಬೀ ಪದವೊಂದು ಕನ್ನಡದ ‘ಅಪ್ಪ’ನ ಕೈಹಿಡಿದಿದೆ, ಅದರ ಪಕ್ಕದಲ್ಲಿಯೇ ತಂದೆಯ ಹೆಸರಿನ ಬಸವ ನಿಂತಿದ್ದಾನೆ.

ಹಸುಳೆಯನ್ನು ‘ಅಪ್ಪ’ ಎಂದು ಕರೆಯುವುದರಲ್ಲಿ ಇನ್ನೊಂದು ಸೊಗಸುಂಟು. ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗಿಡುವುದು ರೂಢಿ. ಮಾವನ ಹೆಸರನ್ನು ಬಾಯಿಬಿಟ್ಟು ಹೇಳಲಾರದ ಸೊಸೆ ತನ್ನ ಮಗನನ್ನು ‘ಅಜ್ಜಪ್ಪ’ ಎಂದೋ ‘ಮುತ್ಯಾ’ ಎಂದೋ ಕರೆಯುತ್ತಿದ್ದಳು. ಆರು ತಿಂಗಳ ಕೂಸಿಗೂ ಅರವತ್ತು ವರ್ಷದ ಹಿರಿಯನಿಗೆ ಸಲ್ಲುವ ಗೌರವ ಹೀಗೆ ಸಲ್ಲುತ್ತಿತ್ತು.

ಆದರೆ ಅದೇ ಊರಿನಲ್ಲಿ ಇದರ ವಿಪರೀತವೂ ನಡೆಯುತ್ತಿತ್ತು. ಉಳ್ಳವರ ಮನೆಯ ಬಸಪ್ಪ ಹತ್ತು ವರ್ಷದವನಾದರೂ ‘ಬಸಪ್ಪನವರು’. ಅವರ ಹೊಲದಲ್ಲಿ ದುಡಿಯುವ ಬಸಪ್ಪ ನರೆತ ತಲೆಯವನಾದರೂ ‘ಬಸ್ಯಾ’. ಗೆಳೆಯರ ಬಾಯಲ್ಲಿ ಸಲಿಗೆಯಾಗಿರುವ ಈ ರೂಪ ಒಡೆಯನ ಬಾಯಲ್ಲಿ ತುಚ್ಛೀಕಾರವಾಗುತ್ತಿತ್ತು. ಹೆಸರು ಒಂದೇ, ಅದರಿಂದ ‘ಅಪ್ಪ’ನನ್ನು ಕಿತ್ತುಕೊಂಡದ್ದು ಸಮಾಜ.

ಶೆಟ್ಟಿ ಎಂಬ ಪದವಿ

ಇನ್ನು ಅಡ್ಡಹೆಸರಿನ ವಿಚಾರ. ‘ಶೆಟ್ಟಿ’ ಎಂಬುದು ಸಂಸ್ಕೃತದ ‘ಶ್ರೇಷ್ಠಿ’ಯಿಂದ ಬಂದದ್ದು. ‘ಬಸವ’ನಂತೆ ಇದೂ ಪ್ರಾಕೃತದ ಹಾದಿಯನ್ನೇ ತುಳಿದಿದೆ. ‘ಶ್ರಮಣ’ವು ‘ಸವಣ’ವಾದಂತೆ ಶ್ರಕಾರ ಸಕಾರವಾಯಿತು, ‘ಇಷ್ಟಕಾ’ ಎಂಬುದು ‘ಇಟ್ಟಿಗೆ’ಯಾದಂತೆ ಒತ್ತಕ್ಷರ ಟಕಾರದ ದ್ವಿತ್ವವಾಯಿತು. ಹೀಗೆ ‘ಶ್ರೇಷ್ಠಿ’ ‘ಸೆಟ್ಠಿ’ಯಾಗಿ, ಹಳಗನ್ನಡದಲ್ಲಿ ‘ಸೆಟ್ಟಿ’ಯಾಗಿ, ಈಗಿನ ಬರಹದಲ್ಲಿ ‘ಶೆಟ್ಟಿ’ಯಾಗಿ ನಿಂತಿತು. ಹಿಂದಿಯ ಸೇಠ್, ಮರಾಠಿಯ ಶೇಟ್, ತಮಿಳಿನ ಚೆಟ್ಟಿ ಇವೆಲ್ಲ ಇದರ ಒಡಹುಟ್ಟುಗಳು.

ಶ್ರೇಷ್ಠಿ ಎಂದರೆ ಪ್ರಾಚೀನ ಭಾರತದಲ್ಲಿ ವರ್ತಕರ ಸಂಘದ ಮುಖ್ಯಸ್ಥ. ಕನ್ನಡ ಶಾಸನಗಳಲ್ಲಿ ಸೆಟ್ಟಿಗಳು ಹೆಜ್ಜೆಹೆಜ್ಜೆಗೂ ಕಾಣಸಿಗುತ್ತಾರೆ. ಈಗಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರನ್ನು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕಸಂಘ ದಕ್ಷಿಣ ಭಾರತದಾದ್ಯಂತ ವ್ಯಾಪಾರ ನಡೆಸಿತು. ನಗರದ ವರ್ತಕರಿಗೆ ಹಿರಿಯನಾದವನು ‘ಪಟ್ಟಣಸ್ವಾಮಿ’ ಅಥವಾ ‘ಪಟ್ಟಣಸೆಟ್ಟಿ’ ಎನಿಸುತ್ತಿದ್ದ. ‘ಪಟ್ಟಣಶೆಟ್ಟಿ’ ಎಂಬ ಅಡ್ಡಹೆಸರು ಇಂದಿಗೂ ಉಳಿದಿದೆ. ಆ ಕಾಲದ ಸರಕು ಊರಿಂದೂರಿಗೆ ಸಾಗುತ್ತಿದ್ದುದು ಎತ್ತಿನ ಬೆನ್ನಿನ ಮೇಲಿನ ಹೇರಿನಲ್ಲಿ. ಶೆಟ್ಟಿಯ ಸಿರಿಯನ್ನು ಹೊತ್ತು ನಡೆದವನು ಬಸವನೇ ಎಂದಂತಾಯಿತು.

ಗಮನಿಸಬೇಕಾದ ಸಂಗತಿಯೆಂದರೆ, ಶೆಟ್ಟಿ ಎಂಬುದು ಮೂಲತಃ ಪದವಿಯ ಹೆಸರು, ಜಾತಿಯ ಹೆಸರಲ್ಲ. ಇಂದು ಈ ಹೆಸರನ್ನು ಧರಿಸಿದವರಲ್ಲಿ ಲಿಂಗಾಯತ ಬಣಜಿಗರಿದ್ದಾರೆ, ಜೈನರಿದ್ದಾರೆ, ವೈಶ್ಯರಿದ್ದಾರೆ, ಕರಾವಳಿಯ ಬಂಟರಿದ್ದಾರೆ, ಎಣ್ಣೆಗಾಣದ ಗಾಣಿಗರಿದ್ದಾರೆ. ಬೇಸಾಯವನ್ನೇ ನೆಚ್ಚಿ ಬಾಳಿದ ಶೆಟ್ಟಿಗಳೂ ಉಂಟು. ಈ ಒಂದು ಪದವನ್ನು ಕೇಳಿ ಒಬ್ಬನ ಕುಲವನ್ನು ಅಳೆಯಹೊರಟವನು ಮೊದಲ ಹೆಜ್ಜೆಯಲ್ಲಿಯೇ ಎಡವುತ್ತಾನೆ.

ಕೊನೆಯ ‘ರ’ ಅಕ್ಷರ

‘ಶೆಟ್ಟಿ’ ಎಂಬುದು ‘ಶೆಟ್ಟರ’ ಎಂದಾದುದು ಹೇಗೆ? ಇಲ್ಲಿ ನಮ್ಮ ವ್ಯಾಕರಣದ ಒಂದು ಪುಟ್ಟ ಗಂಟಿದೆ. ‘ಶೆಟ್ಟರು’ ಎಂಬ ಗೌರವದ ಬಹುವಚನಕ್ಕೆ ಷಷ್ಠೀ ವಿಭಕ್ತಿ ಹತ್ತಿದಾಗ ‘ಶೆಟ್ಟರ’ ಎಂದಾಗುತ್ತದೆ. ಶೆಟ್ಟರ ಮನೆ, ಶೆಟ್ಟರ ಅಂಗಡಿ, ಶೆಟ್ಟರ ಬಸಪ್ಪ. ಹಳ್ಳಿಯ ಮಾತಿನಲ್ಲಿ ಅಡ್ಡಹೆಸರು ಯಾವಾಗಲೂ ಮುಂದೆ ಬರುತ್ತದೆ. ಇಂಥವರ ಮನೆಯ ಇಂಥವನು ಎಂಬುದು ಅದರ ತಾತ್ಪರ್ಯ. ಗೌಡರ, ಪೂಜಾರ, ಬಡಿಗೇರ, ಕುಂಬಾರ ಮುಂತಾದ ಮನೆತನದ ಹೆಸರುಗಳೂ ಮಾತಿನಲ್ಲಿ ಇದೇ ಸ್ಥಾನದಲ್ಲಿ ನಿಲ್ಲುತ್ತವೆ.

ಮುಂಬಯಿ ಪ್ರಾಂತದ ಆಡಳಿತದಲ್ಲಿ ಮೊದಲು ತನ್ನ ಹೆಸರು, ಆಮೇಲೆ ತಂದೆಯ ಹೆಸರು, ಕಡೆಯಲ್ಲಿ ಅಡ್ಡಹೆಸರು ಎಂಬ ಕ್ರಮ ರೂಢಿಗೆ ಬಂತು. ಆಗ ‘ಶೆಟ್ಟರ ಬಸಪ್ಪ’ ಕಾಗದದ ಮೇಲೆ ‘ಬಸಪ್ಪ ಶೆಟ್ಟರ’ ಆದ. ಮುಂದಿನ ಪದಕ್ಕೆ ಕೈಚಾಚಿದ್ದ ಷಷ್ಠಿಯ ‘ರ’ಕಾರ ಹಿಡಿಯಲು ಆಸರೆಯಿಲ್ಲದೆ ಕೊನೆಯಲ್ಲಿ ಉಳಿಯಿತು. ಇಂಗ್ಲಿಷಿನಲ್ಲಿ ಬರೆದುದನ್ನು ಮತ್ತೆ ಕನ್ನಡಕ್ಕೆ ತಂದವರು ಅದನ್ನು ‘ಶೆಟ್ಟರ್’ ಎಂದು ಓದತೊಡಗಿದರು. ಅರ್ಥಪೂರ್ಣವಾದ ವಿಭಕ್ತಿ ಪ್ರತ್ಯಯವೊಂದು ಹೀಗೆ ಬರಿಯ ಧ್ವನಿಯಾಯಿತು.

ಹಳೆಯ ಮೈಸೂರಿನ ಪದ್ಧತಿ ಬೇರೆ. ಅಲ್ಲಿ ಊರಿನ ಹೆಸರೂ ತಂದೆಯ ಹೆಸರೂ ಮೊದಲಕ್ಷರಗಳಾಗಿ ಮುಂದೆ ನಿಂತು, ತನ್ನ ಹೆಸರು ಕಡೆಗೆ ಬರುತ್ತದೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಕೆ. ವಿ. ಪುಟ್ಟಪ್ಪನವರಾದರು. ಅಲ್ಲಿ ಅಡ್ಡಹೆಸರೇ ಇಲ್ಲ. ಧಾರವಾಡದ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರಾದರೋ ಮನೆತನದ ಹೆಸರಿನಿಂದ ಬೇಂದ್ರೆಯವರಾದರು. 1956ರ ಏಕೀಕರಣದಿಂದ ಈ ಎರಡು ಪದ್ಧತಿಗಳು ಒಂದೇ ರಾಜ್ಯದ ಕಚೇರಿಗಳಲ್ಲಿ ಮುಖಾಮುಖಿಯಾದವು. ಅಡ್ಡಹೆಸರಿನ ಅಂಕಣವನ್ನು ತುಂಬಿರೆಂದು ಕೇಳುವ ಅರ್ಜಿಯ ಮುಂದೆ ಅಡ್ಡಹೆಸರಿಲ್ಲದ ವಿದ್ಯಾರ್ಥಿ ಇಂದಿಗೂ ಗಲಿಬಿಲಿಗೊಳ್ಳುವುದುಂಟು.

ಶರಣರ ಹೆಸರುಗಳ ಅಚ್ಚು

ಇಷ್ಟೆಲ್ಲ ಹೇಳಿದ್ದು ಒಂದು ಮುಖ್ಯ ಮಾತಿಗೆ ಬರುವುದಕ್ಕಾಗಿ. ‘ಶೆಟ್ಟರ ಬಸಪ್ಪ’ ಎಂಬ ಹಳ್ಳಿಯ ಕ್ರಮವನ್ನು ಮತ್ತೊಮ್ಮೆ ನೋಡೋಣ. ಮೊದಲು ಕಸುಬು ಅಥವಾ ಪದವಿ, ಆಮೇಲೆ ವ್ಯಕ್ತಿನಾಮ, ಅದರ ತುದಿಗೆ ಗೌರವದ ಪದ. ಈ ಅಚ್ಚು ನಮಗೆ ಬೇರೆಲ್ಲಿಯೋ ಪರಿಚಿತವಲ್ಲವೇ? ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಮೇದರ ಕೇತಯ್ಯ, ಹಡಪದ ಅಪ್ಪಣ್ಣ, ತುರುಗಾಹಿ ರಾಮಣ್ಣ, ನುಲಿಯ ಚಂದಯ್ಯ, ಮೋಳಿಗೆ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ. ಶರಣರ ಹೆಸರುಗಳೆಲ್ಲ ಇದೇ ಎರಕದಲ್ಲಿ ಮೂಡಿದವು.

ಇಲ್ಲಿ ಎರಡು ವಿಚಾರಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಶರಣರು ತಮ್ಮ ಕಸುಬನ್ನು ಮರೆಮಾಡಲಿಲ್ಲ. ದೋಣಿ ನಡೆಸುವುದು, ಬಟ್ಟೆ ಒಗೆಯುವುದು, ಹಗ್ಗ ಹೊಸೆಯುವುದು, ಕಟ್ಟಿಗೆ ಮಾರುವುದು, ಅಕ್ಕಿ ಆಯುವುದು ಎಲ್ಲವೂ ಹೆಸರಿನ ಮುಂದೆ ರಾಜಾರೋಷವಾಗಿ ನಿಂತವು. ಕಾಯಕವೆಂಬ ಒಂದೇ ಮಾತಿನಲ್ಲಿ ಎಲ್ಲಕ್ಕೂ ಸಮನಾದ ಬೆಲೆ ಬಂತು. ಎರಡನೆಯದು ಇನ್ನೂ ಹಿರಿದು. ಯಾರನ್ನು ಊರು ಹೊರಗಿಟ್ಟಿತ್ತೋ ಅವರ ಹೆಸರಿಗೆ ‘ಅಯ್ಯ’ ಎಂಬುದನ್ನು ಜೋಡಿಸಲಾಯಿತು. ಮಂತ್ರಿಯ ಹೆಸರಿಗಾದರೋ ‘ಒಡೆಯ’ ಎಂಬುದಲ್ಲ, ಮನೆಯ ಮಾತಾದ ‘ಅಣ್ಣ’ ಎಂಬುದು ಸೇರಿತು. ಅರಮನೆಯನ್ನು ತೊರೆದು ಬಂದ ಮಹಾದೇವಿಗೆ ‘ಅಕ್ಕ’ ಎಂಬುದು ಸೇರಿತು. ಮೇಲಿನವರು ಅಣ್ಣ ಅಕ್ಕಂದಿರಾಗಿ ಹತ್ತಿರ ಬಂದರು. ಕೆಳಗಿನವರೆನಿಸಿಕೊಂಡವರು ಅಯ್ಯಗಳಾಗಿ ಎದ್ದು ನಿಂತರು. ನೆಲ ಹೊಲ ಯಾವುದನ್ನೂ ಹಂಚದೆ, ಕೇವಲ ಕರೆಯುವ ರೀತಿಯನ್ನು ಬದಲಿಸಿ ಶರಣರು ಸಾಧಿಸಿದ ಸಮತೆ ಇದು. ಯಾರ ಮನೆಯವನೆಂದು ಕೇಳಿ ಮನುಷ್ಯನನ್ನು ದೂರವಿಡುವ ಬುದ್ಧಿಯನ್ನು ಬಸವಣ್ಣನವರು ತಮ್ಮ ವಚನಗಳಲ್ಲಿ ನಿರಾಕರಿಸಿದುದು ಎಲ್ಲರಿಗೂ ತಿಳಿದ ಸಂಗತಿ.

ಆದ್ದರಿಂದ ನಮ್ಮ ಮಾದರಿಯ ಹೆಸರಿನ ಎರಡು ಭಾಗಗಳಿಗೆ ಎರಡು ಬಗೆಯ ಹಕ್ಕುಗಳಿವೆ. ‘ಶೆಟ್ಟರ’ ಎಂಬುದು ಒಬ್ಬ ಪೂರ್ವಿಕನು ಯಾವ ಕೆಲಸ ಮಾಡಿದನೆಂಬ ವಾರ್ತೆ. ‘ಬಸಪ್ಪ’ ಎಂಬುದು ಹೆಸರನ್ನು ಹೊತ್ತವನು ಹೇಗೆ ಬಾಳಬೇಕೆಂಬ ಹಾರೈಕೆ. ವಾರ್ತೆಯನ್ನು ಹೆಮ್ಮೆಯ ಬಿರುದಾಗಿಸಿ ಹಾರೈಕೆಯನ್ನು ಮರೆತರೆ ಹೆಸರಿನ ಎರಡು ಭಾಗಗಳೂ ಸುಳ್ಳಾಗುತ್ತವೆ.

ಗುರುಗಳ ಹೊಣೆ

ಇಂದು ‘ಬಸಪ್ಪ’ ಎಂಬ ಹೆಸರು ಹೊಸ ತಲೆಮಾರಿನಲ್ಲಿ ವಿರಳವಾಗುತ್ತಿದೆ. ಹೇಳಿದ್ದಕ್ಕೆಲ್ಲ ಹೂಂಗುಟ್ಟುವವನನ್ನು ಕೋಲೆಬಸವನೆಂದು ಹಾಸ್ಯಮಾಡುವ ರೂಢಿಯಿಂದಲೋ, ಹಳ್ಳಿಗಾಡಿನ ಹೆಸರೆಂಬ ಸಂಕೋಚದಿಂದಲೋ, ಪಟ್ಟಣದ ಕಾಲೇಜು ಸೇರಿದ ಕೆಲವರು ಪ್ರಮಾಣಪತ್ರ ಮಾಡಿಸಿ ಹೆಸರನ್ನೇ ಬದಲಿಸಿಕೊಳ್ಳುವುದುಂಟು. ಹೆಸರಿಡುವುದೂ ಬದಲಿಸುವುದೂ ಅವರವರ ಇಷ್ಟ. ಆದರೆ ನಾಚಿಕೆಯಿಂದ ಬದಲಿಸುವವರು ಒಂದು ಮಾತನ್ನು ನೆನೆಯಬೇಕು. 1977ರ ಫೆಬ್ರವರಿಯಿಂದ ಜುಲೈವರೆಗೆ ಭಾರತದ ಹಂಗಾಮಿ ರಾಷ್ಟ್ರಪತಿಗಳಾಗಿ ರಾಷ್ಟ್ರಪತಿ ಭವನದಲ್ಲಿ ಕುಳಿತವರು ಬಸಪ್ಪ ದಾನಪ್ಪ ಜತ್ತಿಯವರು. ಅವರೇ 1964ರಲ್ಲಿ ಬೆಂಗಳೂರಿನಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿದರು. ಆ ಹೆಸರು ಅವರ ಏಳಿಗೆಗೆ ಅಡ್ಡ ಬರಲಿಲ್ಲ.

ಅಡ್ಡಹೆಸರನ್ನು ಉಳಿಸುವ ಬಗೆ ಯಾವುದೆಂಬುದಕ್ಕೆ ದಾನಿಗಳ ಪರಂಪರೆಯೇ ಸಾಕ್ಷಿ. ನಮ್ಮ ಶಾಸನಗಳಲ್ಲಿ ಸೆಟ್ಟಿಗಳ ಹೆಸರು ಉಳಿದಿರುವುದು ಅವರು ಗಳಿಸಿದ್ದರಿಂದಲ್ಲ, ಕೊಟ್ಟದ್ದರಿಂದ. 1906ರಲ್ಲಿ ಲಿಂಗೈಕ್ಯರಾದ ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಸಂಪತ್ತನ್ನು ಮಕ್ಕಳ ವಿದ್ಯಾಭ್ಯಾಸಕ್ಕೆಂದು ಬಿಟ್ಟರು. ದೇಸಗತಿ ಹೋಯಿತು, ಅದರ ಅಧಿಕಾರ ಹೋಯಿತು; ಅವರ ಹೆಸರು ಮಾತ್ರ ವಿದ್ಯೆ ಪಡೆದವರ ನಾಲಗೆಯ ಮೇಲೆ ಉಳಿಯಿತು. ಮನೆತನದ ಹೆಸರನ್ನು ರಕ್ತಸಂಬಂಧಿಗಳೇ ಮುಂದುವರಿಸಬೇಕೆಂಬ ನಿಯಮವೇನೂ ಇಲ್ಲ.

ಉಪಾಧ್ಯಾಯ ಬಂಧುಗಳಲ್ಲಿ ಮೂರು ನಿವೇದನೆಗಳು. ಮೊದಲನೆಯದಾಗಿ, ಹೆಸರನ್ನು ಸರಿಯಾಗಿ ಕೇಳಿ ಸರಿಯಾಗಿ ಬರೆಯಬೇಕು. ಮನೆಯಲ್ಲಿ ಬಸವಣ್ಣೆಪ್ಪ, ಶಾಲೆಯಲ್ಲಿ ಬಸಪ್ಪ, ಪಹಣಿಯಲ್ಲಿ ಬಸವಪ್ಪ ಎಂದಾದರೆ ಒಬ್ಬನೇ ಮನುಷ್ಯನು ಮೂವರಾಗಿ, ತಾನು ತಾನೇ ಎಂದು ಸಾಧಿಸಲು ಕಚೇರಿಗಳ ಮೆಟ್ಟಿಲು ಹತ್ತಬೇಕಾಗುತ್ತದೆ. ಎರಡನೆಯದಾಗಿ, ಅಡ್ಡಹೆಸರಿಲ್ಲದ ಮಗುವನ್ನು ಅಡ್ಡಹೆಸರಿಗಾಗಿ ಒತ್ತಾಯಿಸಬಾರದು. ಇರುವ ಅಡ್ಡಹೆಸರನ್ನು ಕೇಳಿ ಕೂರಿಸುವ ಜಾಗವನ್ನಾಗಲಿ, ನುಡಿಯುವ ದನಿಯನ್ನಾಗಲಿ ಬದಲಿಸಬಾರದು. ಮೂರನೆಯದಾಗಿ, ಹಾಜರಿ ಕರೆಯುವಾಗ ಪ್ರತಿಯೊಂದು ಹೆಸರನ್ನೂ ಪೂರ್ಣವಾಗಿ ಕರೆಯಬೇಕು. ಊರಿನಲ್ಲಿ ದಿನವೆಲ್ಲ ‘ಬಸ್ಯಾ’ ಎನಿಸಿಕೊಳ್ಳುವ ಬಾಲಕನು ಶಾಲೆಯ ಈ ನಾಲ್ಕು ಗೋಡೆಗಳ ನಡುವೆಯಾದರೂ ‘ಬಸಪ್ಪ’ ಎಂದು ಕರೆಸಿಕೊಳ್ಳಲಿ. ಅವನಿಂದ ಕಿತ್ತುಕೊಂಡ ‘ಅಪ್ಪ’ನನ್ನು ಅವನಿಗೆ ಮರಳಿ ಕೊಡುವ ಅಧಿಕಾರ ಗುರುಗಳ ನಾಲಗೆಗೆ ಇದೆ.

ಶ್ರೀಮಠಗಳು ಅನ್ನದಾಸೋಹದ ಪಂಕ್ತಿಯಲ್ಲಿ ಹೆಸರು ಕೇಳದೆ ಬಡಿಸಿದವು. ಜ್ಞಾನದಾಸೋಹಕ್ಕೆ ಬಂದ ಮಕ್ಕಳ ಹೆಸರನ್ನು ಮಾತ್ರ ಕೇಳಿ ಬರೆದುಕೊಂಡವು. ಊಟಕ್ಕೆ ಬಂದವನ ಕುಲವನ್ನು ತಿಳಿಯುವ ಅಗತ್ಯವಿಲ್ಲ. ಕಲಿಯಲು ಬಂದವನನ್ನಾದರೋ ಅವನವನೇ ಎಂದು ಗುರುತಿಸಬೇಕು. ಹಾಗೆ ಗುರುತಿಸುವುದಕ್ಕಾಗಿ ಹೆಸರಿದೆಯೇ ಹೊರತು ಮೇಲು ಕೀಳೆಂದು ವಿಂಗಡಿಸುವುದಕ್ಕಾಗಿ ಅಲ್ಲ. ಈ ವಿವೇಕ ನಮ್ಮ ಶಾಲೆಗಳ ಹಾಜರಿ ಪುಸ್ತಕಗಳಲ್ಲಿ ಚಿರಕಾಲ ನೆಲಸಿರಲಿ ಎಂದು ಹಾರೈಸುತ್ತ, ಈ ಕಿರುಲೇಖನವನ್ನು ವಾಚಕರ ಮುಂದಿರಿಸಿದ್ದೇನೆ.